ನಾಳೆ ಆರ್ಗ್ಯಾನಿಕ್ ಪ್ರಾಕ್ಟಿಕಲ್ ಅದ, ಏನು ಓದಿಕೊಂಡು ಬರಬೇಕ್ರಿ?

"ಮೇಡಂ, ನಾಳೆ ಆರ್ಗ್ಯಾನಿಕ್ ಪ್ರಾಕ್ಟಿಕಲ್ ಅದ, ಏನು ಓದಿಕೊಂಡು ಬರಬೇಕ್ರಿ?"

ಆರ್ಗ್ಯಾನಿಕ್ ಪ್ರಾಕ್ಟಿಕಲ್ ಅಂದರೆ ಸಾವಯವ ರಸಾಯನಶಾಸ್ತ್ರದ ಲ್ಯಾಬ್ ಕೆಲಸ. ಕಲಬುರಗಿಯಲ್ಲಿ ಬಿ.ಎಸ್ಸಿ. ಮಕ್ಕಳಿಗೆ ರಸಾಯನಶಾಸ್ತ್ರ ಕಲಿಸುವ ನನಗೆ ಪ್ರತಿ ಸೆಮಿಸ್ಟರ್‌ನಲ್ಲೂ ಎದುರಾಗುವ ಪ್ರಶ್ನೆ ಇದು. ಕಾರಿಡಾರ್‌ನಲ್ಲಿ ನಿಲ್ಲಿಸಿ ಕೇಳುತ್ತಾರೆ, ರಾತ್ರಿ ಹತ್ತಕ್ಕೆ ವಾಟ್ಸಾಪ್‌ನಲ್ಲಿ ಕೇಳುತ್ತಾರೆ. ಒಬ್ಬೊಬ್ಬರಿಗೆ ಒಂದೊಂದು ತುಂಡು ಹೇಳುವ ಬದಲು ಇವತ್ತು ಇಲ್ಲಿ ಪೂರ್ತಿ ಬರೆಯುತ್ತೇನೆ.

ಓದಿಕೊಂಡು ಬಂದರೆ ಸಾಲದು. ಒಂದು ಹಾಳೆ ಬರೆದುಕೊಂಡು ಬನ್ನಿ.

ರೆಕಾರ್ಡ್ ಬುಕ್ಕಿನ ಮಾತಲ್ಲ ಇದು. ಸೀನಿಯರ್ ಹತ್ತಿರ ರೆಕಾರ್ಡ್ ಇಸಿದುಕೊಂಡು ನಕಲು ಮಾಡುವುದು ಎಲ್ಲರಿಗೂ ಗೊತ್ತು. ಆಗ ಕೈ ಬರೆಯುತ್ತಿರುತ್ತದೆ, ತಲೆ ಬೇರೆಲ್ಲೋ ಇರುತ್ತದೆ. ನಾನು ಕೇಳುವುದು ಹಿಂದಿನ ಸಂಜೆ ನೀವೇ ಕೂತು, ನಿಮ್ಮದೇ ಮಾತಲ್ಲಿ ಬರೆದ ಹಾಳೆ. ಪೂರಾ ಕನ್ನಡದಲ್ಲಿದ್ದರೂ ನಡೆಯುತ್ತದೆ. ಯಾವುದನ್ನು ಎಷ್ಟು ಹಾಕುತ್ತೇನೆ, ಯಾಕೆ ಹಾಕುತ್ತೇನೆ, ಹಾಕಿದ ಮೇಲೆ ಏನು ಕಾಣಬೇಕು, ಅದು ಕಾಣದಿದ್ದರೆ ಏನು ಮಾಡುತ್ತೇನೆ. ಕೊನೆಯ ಪ್ರಶ್ನೆಗೆ ಉತ್ತರ ಬರೆಯಲು ಕೂತಾಗಲೇ ನಿಜವಾದ ತಯಾರಿ ಶುರುವಾಗುತ್ತದೆ.

ಅಸಿಟನಿಲೈಡ್ ಅನ್ನುವ ಬಿಳಿ ಹರಳಿನ ವಸ್ತುವಿನ ತಯಾರಿಕೆಯನ್ನೇ ನೋಡೋಣ. ಪುಸ್ತಕದಲ್ಲಿ ನಾಲ್ಕು ಸಾಲು. ಅನಿಲೀನ್‌ಗೆ ಅಸಿಟಿಕ್ ಅನ್‌ಹೈಡ್ರೈಡ್ ಸೇರಿಸು, ಬಿಸಿ ಮಾಡು, ತಣ್ಣೀರಿಗೆ ಸುರಿ, ಬಂದ ಬಿಳಿ ಪುಡಿಯನ್ನು ಸೋಸು. ಆದರೆ ಹಾಳೆ ಬರೆಯಲು ಕೂತರೆ ಲೆಕ್ಕ ಬೇಕಾಗುತ್ತದೆ. ಅನಿಲೀನ್‌ನ ಸಾಂದ್ರತೆ ಮಿ.ಲೀ.ಗೆ 1.02 ಗ್ರಾಂ. ಹಾಗಾಗಿ 2 ಮಿ.ಲೀ. ಅಂದರೆ 2.04 ಗ್ರಾಂ. ಅಣುತೂಕದ ಲೆಕ್ಕದಲ್ಲಿ 93 ಗ್ರಾಂ ಅನಿಲೀನ್‌ನಿಂದ 135 ಗ್ರಾಂ ಅಸಿಟನಿಲೈಡ್ ಬರಬೇಕು. ಅಂದರೆ ನಮಗೆ ಹೆಚ್ಚೆಂದರೆ 2.96 ಗ್ರಾಂ. ಈ ಅಂಕಿ ಸಂಜೆಯೇ ಹಾಳೆಯ ಮೇಲಿದ್ದರೆ, ಮರುದಿನ ತಕ್ಕಡಿ 3.4 ಗ್ರಾಂ ತೋರಿಸಿದಾಗ ಮೋಸ ಹೋಗುವುದಿಲ್ಲ. ಪುಡಿಯಲ್ಲಿ ನೀರು ಉಳಿದಿದೆ ಅಂತ ತಕ್ಷಣ ಹೊಳೆಯುತ್ತದೆ. ಫಿಲ್ಟರ್ ಪೇಪರ್ ನಡುವೆ ಒತ್ತಿ ಒಣಗಿಸಿ ಮತ್ತೆ ತೂಗುತ್ತೀರಿ.

ಇದೇ ತಯಾರಿಕೆಯಲ್ಲಿ ಚಿಟಿಕೆ ಜಿಂಕ್ ಪುಡಿ ಯಾಕೆ ಹಾಕುತ್ತಾರೆ ಅಂತ ವೈವಾದಲ್ಲಿ, ಅಂದರೆ ಬಾಯಿಮಾತಿನ ಪರೀಕ್ಷೆಯಲ್ಲಿ, ಕೇಳುತ್ತಾರೆ. ಹಳೆ ಬಾಟಲಿಯ ಅನಿಲೀನ್ ಕಂದು ಬಣ್ಣಕ್ಕೆ ತಿರುಗಿರುವುದನ್ನು ನೋಡಿರುತ್ತೀರಿ, ಅಲ್ವಾ? ಗಾಳಿ ತಾಗಿ ಆದ ಬಣ್ಣ ಅದು. ಬಿಸಿ ಮಾಡುವಾಗ ಅದು ಇನ್ನೂ ಹೆಚ್ಚಾಗದಂತೆ ಜಿಂಕ್ ತಡೆಯುತ್ತದೆ.

ಮರುಹರಳುಗಟ್ಟಿಸುವ ಕೆಲಸದ ಬಗ್ಗೆ, ಅಂದರೆ ಬಂದ ಪುಡಿಯನ್ನು ಬಿಸಿನೀರಲ್ಲಿ ಕರಗಿಸಿ ತಣಿಸಿ ಶುದ್ಧ ಹರಳು ಪಡೆಯುವ ಬಗ್ಗೆ, ಸ್ವಲ್ಪ ಜಾಸ್ತಿ ಹೇಳಬೇಕು, ಯಾಕೆಂದರೆ ನಾನು ಅತ್ತಿದ್ದು ಅಲ್ಲೇ. ಬಿ.ಎಸ್ಸಿ. ಓದುವಾಗ ನನಗೆ 2 ಗ್ರಾಂನಷ್ಟು ಅಸಿಟನಿಲೈಡ್ ಬಂದಿತ್ತು. ಬಿಸಿನೀರಲ್ಲಿ ಕರಗಿಸು ಅಂತ ಓದಿದ್ದೆ, ಎಷ್ಟು ನೀರು ಅಂತ ಯೋಚಿಸಿರಲಿಲ್ಲ. ದೊಡ್ಡ ಬೀಕರ್‌ನಲ್ಲಿ 300 ಮಿ.ಲೀ. ನೀರು ಕುದಿಸಿ ಎಲ್ಲವನ್ನೂ ಸುರಿದೆ. ಚೆನ್ನಾಗಿ ಕರಗಿತು. ಆಮೇಲೆ ಒಂದು ತಾಸು ಕಾದರೂ ಒಂದು ಹರಳೂ ಬರಲಿಲ್ಲ. ಎಲ್ಲಾ ಹಾಳಾಯ್ತು ಅಂದುಕೊಂಡು ಅದನ್ನು ಸಿಂಕಿಗೆ ಸುರಿದುಬಿಟ್ಟೆ.

ಏನೂ ಹಾಳಾಗಿರಲಿಲ್ಲ. ಕುದಿಯುವ ನೀರು 100 ಮಿ.ಲೀ.ಗೆ ಸುಮಾರು 5 ಗ್ರಾಂ ಅಸಿಟನಿಲೈಡ್ ಕರಗಿಸಿಕೊಳ್ಳುತ್ತದೆ. 25 ಡಿಗ್ರಿಗೆ ಇಳಿದಾಗ ಸುಮಾರು ಅರ್ಧ ಗ್ರಾಂ ಮಾತ್ರ. ಈ ಎರಡರ ನಡುವಿನ ವ್ಯತ್ಯಾಸವೇ ನಮ್ಮ ಹರಳು. 2 ಗ್ರಾಂಗೆ 40 ಮಿ.ಲೀ. ನೀರು ಸಾಕಿತ್ತು. ನಾನು ಹಾಕಿದ 300 ಮಿ.ಲೀ. ಒಳಗೆ ಪೂರ್ತಿ ತಣ್ಣಗಾದರೂ ಒಂದೂವರೆ ಗ್ರಾಂ ಸುಮ್ನೆ ಕರಗಿಕೊಂಡೇ ಇರುತ್ತಿತ್ತು, ಇನ್ನೂ ಬೆಚ್ಚಗಿದ್ದಾಗ ಎಲ್ಲವೂ ಕರಗಿಕೊಂಡೇ ಕೂತಿತ್ತು. ನೀರನ್ನು ಕುದಿಸಿ ಇಂಗಿಸಿದ್ದರೆ ಬಹುಪಾಲು ವಾಪಸ್ ಸಿಗುತ್ತಿತ್ತು. "ಹರಳು ಬರದಿದ್ದರೆ ನೀರು ಇಂಗಿಸುವುದು" ಅಂತ ಒಂದು ಸಾಲು ಮೊದಲೇ ಬರೆದಿಟ್ಟುಕೊಂಡಿದ್ದರೆ ನಾನು ಅವತ್ತು ಬರಿಗೈಯಲ್ಲಿ ಮನೆಗೆ ಹೋಗುತ್ತಿರಲಿಲ್ಲ. ಈಗಿನ ನನ್ನ ಮಕ್ಕಳಿಗೆ ಒಂದೇ ಮಾತು: ಲ್ಯಾಬ್‌ನಲ್ಲಿ ಕೆಲಸ ಮುಗಿಯುವವರೆಗೆ ಯಾವುದನ್ನೂ ಚೆಲ್ಲಬೇಡಿ.

ಇದರ ಉಲ್ಟಾ ತಪ್ಪೂ ಇದೆ. ನೀರು ತೀರಾ ಕಡಿಮೆ ಆದರೆ ಬೀಕರ್ ತಳದಲ್ಲಿ ಎಣ್ಣೆ ಹನಿಯ ಹಾಗೆ ಏನೋ ಓಡಾಡುತ್ತದೆ. ಅದು ಕೊಳೆಯಲ್ಲ, ಕರಗಲು ನೀರು ಸಾಲದೆ ಬಿಸಿಗೆ ದ್ರವವಾದ ಅಸಿಟನಿಲೈಡೇ. ಸ್ವಲ್ಪ ಬಿಸಿನೀರು ಸೇರಿಸಿ ಕುದಿಸಿದರೆ ಹನಿ ಮಾಯವಾಗುತ್ತದೆ. ಆಮೇಲೆ ಬೀಕರನ್ನು ಟೇಬಲ್ ಮೇಲೆ ಅಲುಗಾಡಿಸದೆ ಬಿಡಿ. ಉಗುರುಬೆಚ್ಚಗಾದ ಮೇಲೆ ಐಸ್‌ನಲ್ಲಿಡಿ. ಬಿಸಿ ಇದ್ದಾಗಲೇ ಐಸ್‌ಗೆ ಇಟ್ಟರೆ ಹರಳು ಅವಸರದಲ್ಲಿ ಸಣ್ಣಸಣ್ಣದಾಗಿ ಕಟ್ಟಿ ಕೊಳೆಯನ್ನೂ ಒಳಗೆ ಹಿಡಿದುಕೊಳ್ಳುತ್ತದೆ.

ಹಾಗಾಗಿ ಹಾಳೆಯಲ್ಲಿ ಕಾಯುವ ಹೊತ್ತನ್ನೂ ಗುರುತು ಮಾಡಿ. ಮೂರು ತಾಸಿನ ಪ್ರಾಕ್ಟಿಕಲ್‌ನಲ್ಲಿ ಹೆಚ್ಚು ಹೊತ್ತು ಹೋಗುವುದು ಬಿಸಿಯಾಗಲು, ತಣ್ಣಗಾಗಲು, ಸೋಸಲು, ಒಣಗಲು. ಆ ಹೊತ್ತಲ್ಲಿ ಹರಳು ಎಷ್ಟು ಡಿಗ್ರಿಗೆ ಕರಗುತ್ತದೆ ಅಂತ ನೋಡಲು ಬೇಕಾದ ಕ್ಯಾಪಿಲರಿಯ (ಸಣ್ಣ ಗಾಜಿನ ಕೊಳವೆಯ) ಒಂದು ತುದಿ ಮುಚ್ಚಿಟ್ಟುಕೊಳ್ಳಿ, ಅದನ್ನು ಬಿಸಿ ಮಾಡುವ ಥೀಲೆ ಟ್ಯೂಬ್ ಜೋಡಿಸಿ, ಹಿಂದಿನ ಪಾತ್ರೆ ತೊಳೆಯಿರಿ. ಕೊನೆಯ ಅರ್ಧ ತಾಸಿನಲ್ಲಿ ಇಡೀ ಬ್ಯಾಚು ಒಂದೇ ತಕ್ಕಡಿ ಮುಂದೆ ನಿಂತಾಗ ನಿಮಗೆ ಇದರ ಬೆಲೆ ಗೊತ್ತಾಗುತ್ತದೆ.

ಇನ್ನು ನಮ್ಮ ಬಿಸಿಲಿನ ವಿಷಯ. ಪುಸ್ತಕ ಬರೆದವರ ಲ್ಯಾಬ್ ತಣ್ಣಗಿತ್ತು, ನಮ್ಮದು ಹಾಗಲ್ಲ. ಈಥರ್ ಅನ್ನುವ ದ್ರಾವಕ ಕುದಿಯುವುದು 34.6 ಡಿಗ್ರಿಗೆ. ಏಪ್ರಿಲ್, ಮೇ ಮಧ್ಯಾಹ್ನ ಕಲಬುರಗಿ 40 ದಾಟುತ್ತದೆ. ಅಂದರೆ ನಮ್ಮ ಕೋಣೆಯ ಗಾಳಿಯೇ ಈಥರ್ ಕುದಿಸಲು ಸಾಕು. ಬಾಟಲಿಯ ಮುಚ್ಚಳವನ್ನು ಮುಖದಿಂದ ದೂರ ಹಿಡಿದು ನಿಧಾನಕ್ಕೆ ತೆಗೆಯಬೇಕು. ಅದರ ಆವಿ ಗಾಳಿಗಿಂತ ಭಾರ, ಟೇಬಲ್ ಮೇಲೆ ಹರಿದು ದೂರದ ಬರ್ನರ್‌ವರೆಗೂ ಹೋಗುತ್ತದೆ. ಈಥರ್ ಬಳಸುವ ದಿನ ಸುತ್ತಮುತ್ತ ಒಂದು ಬೆಂಕಿಯೂ ಬೇಡ.

ಫೀನಾಲ್ ಕರಗುವುದು ಸುಮಾರು 41 ಡಿಗ್ರಿಗೆ. ಚಳಿಗಾಲದಲ್ಲಿ ಗಟ್ಟಿ ಹರಳಾಗಿದ್ದ ಬಾಟಲಿ ನಮ್ಮ ಬೇಸಿಗೆಯಲ್ಲಿ ತಾನೇ ನೀರಾಗಿರುತ್ತದೆ. ಹರಳು ಅಂದುಕೊಂಡು ಬಾಟಲಿ ಬಗ್ಗಿಸಿದರೆ ಕೈ ಮೇಲೆ ಚೆಲ್ಲುತ್ತದೆ. ಫೀನಾಲ್‌ನ ದೊಡ್ಡ ಅಪಾಯ ಏನೆಂದರೆ ಅದು ಚರ್ಮವನ್ನು ಮರಗಟ್ಟಿಸುತ್ತದೆ. ಸುಟ್ಟಿದ್ದು ನೋಯುವುದೇ ಇಲ್ಲ, ಬಿಳಿ ಕಲೆ ಕಂಡಾಗಲೇ ತಿಳಿಯುವುದು. ನೋವಿಲ್ಲ ಅಂತ ಬಿಡಬೇಡಿ. ತಕ್ಷಣ ನಲ್ಲಿ ಕೆಳಗೆ ತುಂಬಾ ಹೊತ್ತು ಕೈ ಹಿಡಿಯಿರಿ, ನಮ್ಮನ್ನು ಕೂಗಿ. ಬೀದರ್ ಕಡೆಯ ಮಕ್ಕಳಿಗೆ ಇದರ ಉಲ್ಟಾ ಅನುಭವ. ಅಲ್ಲಿನ ಡಿಸೆಂಬರ್ ಚಳಿಗೆ ಗ್ಲೇಶಿಯಲ್ (ನೀರು ಬೆರೆಸದ) ಅಸಿಟಿಕ್ ಆಸಿಡ್ ಬಾಟಲಿಯೊಳಗೆ ಹೆಪ್ಪುಗಟ್ಟಬಹುದು, ಯಾಕೆಂದರೆ 16.6 ಡಿಗ್ರಿಗೇ ಅದು ಗಟ್ಟಿಯಾಗುತ್ತದೆ. ಬೆಂಕಿ ತೋರಿಸದೆ ಬಾಟಲಿಯನ್ನು ಬೆಚ್ಚನೆ ನೀರಿನಲ್ಲಿ ಇಟ್ಟರೆ ಸಾಕು.

ನೆಲದ ಬಗ್ಗೆಯೂ ಹೇಳಿಬಿಡುತ್ತೇನೆ. ನಮ್ಮ ಕಡೆ ಲ್ಯಾಬ್‌ಗೆ ಹಾಸುವುದು ಶಹಾಬಾದ್ ಕಲ್ಲು. ಅದು ಸುಣ್ಣದಕಲ್ಲು. ಹೈಡ್ರೋಕ್ಲೋರಿಕ್ ಆಸಿಡ್ ಬಿದ್ದರೆ ನೊರೆ ಏಳುತ್ತದೆ, ಒಣಗಿದ ಮೇಲೆ ಮಸುಕು ಕಲೆ ಉಳಿಯುತ್ತದೆ. ಲ್ಯಾಬ್ ಒಳಗೆ ಬಂದ ದಿನ ಆ ಕಲೆಗಳನ್ನು ನೋಡಿ. ಪ್ರತಿ ಕಲೆಯ ಹತ್ತಿರ ಯಾರದೋ ಪಾದ ಇತ್ತು. ಚಪ್ಪಲಿ ಬೇಡ, ಬೂಟು ಹಾಕಿಕೊಂಡು ಬನ್ನಿ ಅಂತ ನಾವು ಹೇಳುವುದು ಅದಕ್ಕೇ. ಬಟ್ಟೆ ಹತ್ತಿಯದಿರಲಿ, ದುಪಟ್ಟಾ ಪಿನ್ ಮಾಡಿರಲಿ, ಕಣ್ಣಿಗೆ ಸೇಫ್ಟಿ ಕನ್ನಡಕ ಇರಲಿ.

ಈಗ ನಲ್ಲಿ ನೀರು. ಕೊಟ್ಟ ವಸ್ತುವನ್ನು ಸೋಡಿಯಂ ಜೊತೆ ಕಾಸಿ ಅದರಲ್ಲಿ ಕ್ಲೋರಿನ್, ನೈಟ್ರೋಜನ್‌ನಂಥವು ಇವೆಯಾ ಅಂತ ನೋಡುವ ಲ್ಯಾಸೇನ್ ಟೆಸ್ಟ್‌ನಲ್ಲಿ ಕೆಂಪಗೆ ಕಾದ ಟ್ಯೂಬನ್ನು ಡಿಸ್ಟಿಲ್ಡ್ ವಾಟರ್‌ನಲ್ಲೇ ಮುಳುಗಿಸಬೇಕು. ಅವಸರದಲ್ಲಿ ನಲ್ಲಿ ನೀರು ಹಿಡಿದರೆ ಅದರೊಳಗಿನ ಕ್ಲೋರೈಡ್ ಸಿಲ್ವರ್ ನೈಟ್ರೇಟ್ ಜೊತೆ ಸೇರಿ ಬಿಳಿಯಾಗುತ್ತದೆ. ಕೊಟ್ಟ ವಸ್ತುವಿನಲ್ಲಿ ಕ್ಲೋರಿನ್ ಇಲ್ಲದಿದ್ದರೂ ಇದೆ ಅಂತ ಬರೆದುಬಿಡುತ್ತೀರಿ. ಪ್ರತಿ ವರ್ಷ ನಾಲ್ಕೈದು ಜನ ಇದರಲ್ಲಿ ಬೀಳುತ್ತಾರೆ. ಅನುಮಾನ ಬಂದರೆ ಬರೀ ನೀರಿಗೆ ಅದೇ ಟೆಸ್ಟ್ ಮಾಡಿ ನೋಡಿ, ಒಂದು ನಿಮಿಷದ ಕೆಲಸ. ಇನ್ನೊಂದು, ಚಿಮಣಿ ಎಣ್ಣೆಯಲ್ಲಿಟ್ಟ ಸೋಡಿಯಂ ತುಂಡನ್ನು ಪೇಪರ್‌ನಲ್ಲಿ ಒತ್ತಿ ಒಣಗಿಸಿಯೇ ಟ್ಯೂಬಿಗೆ ಹಾಕಿ. ಅದನ್ನು ಒದ್ದೆ ಕೈಯಲ್ಲಿ ಮುಟ್ಟಲೇಬೇಡಿ.

ಮಾರ್ಕ್ಸ್ ಬಗ್ಗೆ ಕೇಳುತ್ತೀರಿ, ಗೊತ್ತು. ನಾನು ನೋಡುವುದು ಎಷ್ಟು ಗ್ರಾಂ ಬಂತು ಅಂತ ಅಲ್ಲ. ಶುದ್ಧ ಅಸಿಟನಿಲೈಡ್ 114 ಡಿಗ್ರಿಗೆ ಕರಗುತ್ತದೆ. ಪಕ್ಕದವರ ಹಾಳೆ ನೋಡಿ ಬರೆದ 114 ನನಗೆ ಬೇಡ. ನೀವೇ ಕಣ್ಣಿಟ್ಟು ನೋಡಿದ "108ಕ್ಕೆ ಶುರುವಾಗಿ 112ಕ್ಕೆ ಮುಗೀತು" ಅನ್ನುವುದರಲ್ಲಿ ನಿಜವಾದ ವಿಷಯ ಇದೆ. ಹರಳಿನಲ್ಲಿ ಕೊಳೆ ಅಥವಾ ನೀರು ಉಳಿದಿದೆ, ಅದಕ್ಕೇ ಬೇಗ ಶುರುವಾಗಿ, ಒಮ್ಮೆಲೇ ಮುಗಿಯದೆ ನಾಲ್ಕು ಡಿಗ್ರಿ ಎಳೆಯಿತು. ಅದನ್ನು ವೈವಾದಲ್ಲಿ ಬಿಡಿಸಿ ಹೇಳಿದ ಹುಡುಗನಿಗೆ ನಾನು ಒಳ್ಳೆ ಮಾರ್ಕ್ಸ್ ಕೊಟ್ಟಿದ್ದೇನೆ, ಮುಂದೆಯೂ ಕೊಡುತ್ತೇನೆ.

ಅಡ್ಮಿಷನ್ ದಿನ ಒಬ್ಬ ತಂದೆ ಕೇಳಿದ್ದರು: "ಮೇಡಂರಿ, ಮಗಳು ಆಸಿಡ್ ನಡುವೆ ನಿಲ್ತಾಳ, ಏನೂ ಆಗಂಗಿಲ್ಲಲ್ರಿ?" ಅವರಿಗೂ ನಾನು ಈ ಹಾಳೆಯ ಬಗ್ಗೆಯೇ ಹೇಳಿದೆ. ಮುಂದೆ ಏನಾಗುತ್ತದೆ ಅಂತ ಗೊತ್ತಿರುವ ಮಗು ಗಾಬರಿಯಾಗುವುದಿಲ್ಲ. ಜೊತೆಗೆ, ಊಟ ಮಾಡಿಸಿ ಕಳಿಸಿರಿ ಅಂದೆ. ಸೇಡಂ, ಜೇವರ್ಗಿ, ಆಳಂದ ಕಡೆಯಿಂದ ಬೆಳಗಿನ ಬಸ್ಸಿಗೆ ಬರುವವರು ಎಷ್ಟೋ ಸಲ ಖಾಲಿ ಹೊಟ್ಟೆಯಲ್ಲಿರುತ್ತಾರೆ. ಸೆಕೆ, ಆವಿ, ಮೂರು ತಾಸು ನಿಲ್ಲುವುದು. ತಲೆ ಸುತ್ತಿ ಬೀಳಲು ಬೇರೆ ಕಾರಣ ಬೇಡ. ಎರಡು ರೊಟ್ಟಿ, ಶೇಂಗಾ ಹಿಂಡಿ ತಿಂದು ಬಂದರೆ ಕೈ ನಡುಗುವುದಿಲ್ಲ.

ಕಳೆದ ಬೇಸಿಗೆಯಲ್ಲಿ ಚಿಂಚೋಳಿ ಕಡೆಯ ಒಬ್ಬ ಹುಡುಗಿ ತಂದ ಹಾಳೆ ಇನ್ನೂ ನನ್ನ ಹತ್ತಿರ ಇದೆ. "ಐಸ್‌ನಲ್ಲಿ ಇಡುವುದು" ಅನ್ನುವ ಸಾಲಿನ ಕೆಳಗೆ ಅವಳು ಪೆನ್ಸಿಲ್‌ನಲ್ಲಿ ಬರೆದಿದ್ದಳು: "ಐಸ್ ಸಿಗದಿದ್ದರೆ ಕಾರಿಡಾರ್‌ನ ಗಡಿಗೆ ನೀರು." ಅವತ್ತು ಬೆಳಗ್ಗೆಯಿಂದ ಕರೆಂಟ್ ಇರಲಿಲ್ಲ. ಐಸ್ ತರಲು ಹೋದ ಅಟೆಂಡರ್ ಕಾಕಾ ಬರಿಗೈಯಲ್ಲಿ ಬಂದರು. ಆ ಹುಡುಗಿ ಒಂದು ಟಬ್ ತೊಗೊಂಡು ಹೊರಗೆ ಹೋದಳು. ಇಡೀ ಬ್ಯಾಚಿನ ಬೀಕರ್‌ಗಳು ಅವತ್ತು ಗಡಿಗೆ ನೀರಲ್ಲೇ ತಣ್ಣಗಾದವು.