ಆ ಹುಡುಗರು ಹೊಟ್ಟೆಪಾಡಿಗೆ ಏನು ಮಾಡ್ತಾರೆ?

ಜರ್ಮನಿಯ ಸ್ಟಟ್‌ಗಾರ್ಟ್‌ಗೆ ಬಂದ ಮೇಲೆ ನನಗೆ ಇಲ್ಲಿನ ಪೋಸ್ಟ್-ಪಂಕ್ (ಒರಟು ರಾಕ್ ಸಂಗೀತದ ಒಂದು ಬಗೆ) ಬ್ಯಾಂಡುಗಳ ಹುಚ್ಚು ಹಿಡಿದಿದೆ. ಶನಿವಾರ ರಾತ್ರಿ ಯಾವುದೋ ನೆಲಮಾಳಿಗೆಯಲ್ಲಿ ತೆಗೆದ ಮಸುಕು ಮಸುಕು ಫೋಟೋ ಹಾಕುತ್ತೇನೆ. ಹಾಕಿದ ಕೂಡಲೇ ಒಂದು ಪ್ರಶ್ನೆ ಬಂದೇ ಬರುತ್ತದೆ. ಆಫೀಸಿನ ಕನ್ನಡ ಗೆಳೆಯರು ಕೇಳುತ್ತಾರೆ, ಊರಿಂದ ಸೋದರಮಾವ ಕೇಳುತ್ತಾರೆ: "ಅಲ್ವೋ, ಈ ಹುಡುಗರು ಹೊಟ್ಟೆಪಾಡಿಗೆ ಏನು ಮಾಡ್ತಾರೆ?" ಹಾಡು ಹೇಗಿದೆ ಅಂತ ಮಾತ್ರ ಒಬ್ಬರೂ ಕೇಳಲ್ಲ. ಇರಲಿ. ಪ್ರತಿ ಸಲ ಫೋನಿನಲ್ಲಿ ಅರ್ಧಂಬರ್ಧ ಹೇಳಿ ಸಾಕಾಗಿದೆ, ಒಂದೇ ಸಲ ಬರೆದುಬಿಡುತ್ತೇನೆ.

ಹಾಡಿ ಹೊಟ್ಟೆ ತುಂಬಿಸಿಕೊಳ್ಳುವವರು ಇವರಲ್ಲಿ ಬಹಳ ಕಡಿಮೆ. ಹೆಚ್ಚಿನವರಿಗೆ ಬೇರೆ ಕೆಲಸ ಇರುತ್ತದೆ, ಇಲ್ಲವೇ ಇನ್ನೂ ಓದುತ್ತಿರುತ್ತಾರೆ. ಹಾಗಾದರೆ ಬ್ಯಾಂಡ್ ನಡೆಯೋದು ಹೇಗೆ ಅಂದರೆ, ದುಡ್ಡು ಮಾಡೋದಕ್ಕಿಂತ ದುಡ್ಡು ಕೈಬಿಟ್ಟು ಹೋಗದ ಹಾಗೆ ನೋಡಿಕೊಳ್ಳೋದರಲ್ಲಿ ಇವರು ಗಟ್ಟಿಗರು. ಮತ್ತೆ, ಹಾಗೆ ನೋಡಿಕೊಳ್ಳೋಕೆ ಬೇಕಾದ ಜಾಗ, ಜನ, ಒಂದಿಷ್ಟು ಸರ್ಕಾರಿ ಅನುಕೂಲ ಇಲ್ಲಿ ಇವೆ, ಅಥವಾ ಇಷ್ಟು ದಿನ ಇದ್ದವು.

ಒಂದು ಬ್ಯಾಂಡನ್ನೇ ತೆಗೆದುಕೊಳ್ಳೋಣ. ಸ್ಟಟ್‌ಗಾರ್ಟ್ ಪಕ್ಕದಲ್ಲಿ ಎಸ್ಲಿಂಗನ್ ಅಂತ ಒಂದು ಊರಿದೆ. ಹಳೇ ಮರದ ಮನೆಗಳು, ನೆಕಾರ್ ನದಿ, ಗುಡ್ಡದ ಮೇಲೆ ದ್ರಾಕ್ಷಿ ತೋಟ, ಸುತ್ತಮುತ್ತ ಕಾರಿನ ಕಾರ್ಖಾನೆಗಳು. ಮನೆಯ ಮೆಟ್ಟಿಲು ಗುಡಿಸೋಕೂ ಬಾಡಿಗೆದಾರರಿಗೆ ವಾರದ ಸರದಿ ಹಚ್ಚುವ ಸೀಮೆ ಇದು. ಇಂಥ ಅಚ್ಚುಕಟ್ಟಿನ ಊರಲ್ಲಿ 2010ರಲ್ಲಿ ಮಾಕ್ಸ್ ರೀಗರ್, ಯೂಲಿಯನ್ ಕ್ನೋಟ್ ಅನ್ನೋ ಇಬ್ಬರು ಹುಡುಗರು "ಡೀ ನೆರ್ಫನ್" ಅಂತ ಬ್ಯಾಂಡ್ ಕಟ್ಟಿದರು. ಡ್ರಮ್ಸಿಗೆ ಕೆವಿನ್ ಕೂನ್ ಆಮೇಲೆ ಬಂದರು. ಒಂದು ಗಿಟಾರ್, ಒಂದು ಬೇಸ್, ಒಂದು ಡ್ರಮ್ಸ್, ಅಷ್ಟೇ. ಬೇಸ್ ರಾಗ ಹಿಡಿದುಕೊಂಡು ಮುಂದೆ ಹೋಗುತ್ತದೆ, ಗಿಟಾರ್ ಹಿಂದಿನಿಂದ ಪರಚುತ್ತದೆ, ಹಾಡೋದು ಅರ್ಧ ಹಾಡು ಅರ್ಧ ಕೂಗಾಟ. ಪೋಸ್ಟ್-ಪಂಕ್ ಕೇಳಿಲ್ಲದವರು ಸದ್ಯಕ್ಕೆ ಇಷ್ಟು ತಿಳಿದುಕೊಂಡರೆ ಸಾಕು.

ಇವರ ಆಲ್ಬಂ "ಫ್ಲೂಯಿಡುಮ್" 2012ರಲ್ಲಿ, "ಫನ್" 2014ರಲ್ಲಿ ಬಂತು. ಹೊರತಂದದ್ದು ಮ್ಯೂನ್‌ಸ್ಟರ್ ಊರಿನ ದಿಸ್ ಚಾರ್ಮಿಂಗ್ ಮ್ಯಾನ್ ಅನ್ನೋ ಸಣ್ಣ ಲೇಬಲ್, ಅಂದರೆ ರೆಕಾರ್ಡ್ ಕಂಪನಿ. ರೆಕಾರ್ಡ್ ಮಾಡಿದ್ದು ಸ್ಟಟ್‌ಗಾರ್ಟಿನ ರಾಲ್ಫ್ ಮಿಲ್ಬರ್ಗ್. ಅದೇ ಮಿಲ್ಬರ್ಗ್ ಬಳಿಯೇ ಕಾರಿಯಸ್, ಹ್ಯೂಮನ್ ಅಬ್‌ಫಾಲ್ ಎಂಬ ಇನ್ನೆರಡು ಸ್ಟಟ್‌ಗಾರ್ಟ್ ಬ್ಯಾಂಡುಗಳೂ ರೆಕಾರ್ಡ್ ಮಾಡಿದವು. ಇವನ ಡ್ರಮ್ಮರ್ ಅವನ ಬ್ಯಾಂಡಲ್ಲಿ, ಅವನ ಆಂಪ್ಲಿಫೈಯರ್ ಇವನ ಶೋನಲ್ಲಿ, ಪೋಸ್ಟರ್ ಬರೆಯೋಳು ಮೂರನೇ ಬ್ಯಾಂಡಿನ ಗಾಯಕಿ. ಹೀಗಿದ್ದಾಗ ಯಾರು ಯಾರಿಗೆ ಬಿಲ್ ಕಳಿಸೋದು?

ನಮ್ಮ ಜನಕ್ಕೆ ಅರ್ಥವಾಗೋ ಹಾಗೆ ಹೇಳಬೇಕಂದರೆ ನಮ್ಮ ಹವ್ಯಾಸಿ ನಾಟಕ ತಂಡಗಳನ್ನ ನೆನೆಸಿಕೊಳ್ಳಿ. ಹಗಲು ಬ್ಯಾಂಕು, ಸಂಜೆ ರಿಹರ್ಸಲ್, ಸೆಟ್ಟಿಗೆ ಯಾರದೋ ಮನೆಯ ಕುರ್ಚಿ. ಆ ನಟರನ್ನ ನೋಡಿ "ಹೊಟ್ಟೆಪಾಡಿಗೆ ಏನು ಮಾಡ್ತೀರಿ" ಅಂತ ನಾವು ಕೇಳಿದ್ದಿಲ್ಲ, ಅಲ್ವಾ? ಕೈಯಲ್ಲಿ ಗಿಟಾರ್ ಕಂಡ ತಕ್ಷಣ ಯಾಕೋ ಚಿಂತೆ ಶುರುವಾಗುತ್ತದೆ.

ಇದು ಹೊಸದೂ ಅಲ್ಲ. ಎಪ್ಪತ್ತರ ದಶಕದ ಕೊನೆಯಲ್ಲಿ ಡ್ಯುಸೆಲ್‌ಡಾರ್ಫಿನ ರಾಟಿಂಗರ್ ಹೋಫ್ ಅನ್ನೋ ಬಾರಿನಲ್ಲಿ ಜರ್ಮನ್ ಪಂಕ್ ಮೊಳೆಯಿತು. ಕಾರ್ಮೆನ್ ಕ್ನೋಬೆಲ್ ಅದನ್ನ ನಡೆಸುತ್ತಿದ್ದರು. ಬರಿಗೋಡೆ, ಟ್ಯೂಬ್‌ಲೈಟು, ಪಕ್ಕದ ಕಲಾ ಅಕಾಡೆಮಿಯ ಹುಡುಗರು. ಅಲ್ಲಿಂದ ಬಂದ ಫೇಲ್‌ಫಾರ್ಬನ್ ಬ್ಯಾಂಡ್ 1980ರಲ್ಲಿ ತಂದ ಮೊದಲ ಆಲ್ಬಂ "ಮೊನಾರ್ಕಿ ಉಂಟ್ ಆಲ್‌ಟಾಗ್" ಇವತ್ತಿಗೂ ಜರ್ಮನ್ ರಾಕಿನ ದೊಡ್ಡ ಹೆಸರು. ಅದರ ಗಾಯಕ ಪೀಟರ್ ಹೈನ್ ಏನು ಮಾಡಿದರು ಗೊತ್ತಾ? ಅವರು ಜೆರಾಕ್ಸ್ ಕಂಪನಿಯಲ್ಲಿ ಕೆಲಸಕ್ಕಿದ್ದರು. ಕೆಲಸವೋ ಬ್ಯಾಂಡೋ ಅನ್ನೋ ಹೊತ್ತು ಬಂದಾಗ ಬ್ಯಾಂಡ್ ಬಿಟ್ಟು ಕೆಲಸ ಉಳಿಸಿಕೊಂಡರು! ಆ ಆಲ್ಬಂ ನಿಧಾನಕ್ಕೆ ಮಾರಾಟವಾಗಿ "ಗೋಲ್ಡ್" ಅನ್ನಿಸಿಕೊಳ್ಳೋಕೆ 2000ದವರೆಗೆ ಕಾಯಬೇಕಾಯಿತು. ಮಾವನಿಗೆ ಈ ಕತೆ ಹೇಳಿದರೆ ಭಾರಿ ಖುಷಿ. "ನೋಡು, ಬುದ್ಧಿವಂತ" ಅಂತಾರೆ. ನನಗೂ ಹಾಗೇ ಅನ್ನಿಸುತ್ತದೆ, ಆದರೆ ಕಾರಣ ಬೇರೆ. ಸಂಬಳ ಬೇರೆ ಕಡೆಯಿಂದ ಬರುವಾಗ ಹಾಡಿನಲ್ಲಿ ಯಾರಿಗೂ ಹಲ್ಲು ಗಿಂಜಬೇಕಾಗಿಲ್ಲ.

ಸರಿ, ಈಗ ಒಂದು ರಾತ್ರಿಯ ಲೆಕ್ಕ ನೋಡಿ. ಜಾಗ ಅಂದರೆ ಸಾಮಾನ್ಯವಾಗಿ ಒಂದು ಯೂತ್ ಸೆಂಟರ್. ಜರ್ಮನಿಯ ಸಣ್ಣ ಸಣ್ಣ ಊರಲ್ಲೂ ಇವಿವೆ. ಕೆಲವನ್ನ ನಗರಸಭೆ ನಡೆಸುತ್ತದೆ, ಕೆಲವನ್ನ ಹುಡುಗ ಹುಡುಗಿಯರೇ ಸಂಘ ಕಟ್ಟಿಕೊಂಡು ನಡೆಸುತ್ತಾರೆ. ಲೈಪ್ಸಿಗ್‌ನ ಕಾನ್ನೆ ಐಲ್ಯಾಂಡ್ 1991ರಿಂದ ಹೀಗೇ ನಡೆದುಕೊಂಡು ಬಂದಿದೆ. ಬಾಗಿಲಲ್ಲಿ ಒಂದು ಟೇಬಲ್, ಅದರ ಮೇಲೆ ಬೀಗ ಇರೋ ತಗಡಿನ ಡಬ್ಬಿ, ಒಂದು ಚೀಟಿ: "5ರಿಂದ 10 ಯೂರೋ, ನಿಮ್ಮ ಕೈಲಾದಷ್ಟು." ದುಡ್ಡು ಕೊಟ್ಟರೆ ಕೈ ಮೇಲೆ ಮುದ್ರೆ ಒತ್ತುತ್ತಾರೆ. ಬಾರಿನಲ್ಲಿ ನಿಂತವರಿಗೆ ಸಂಬಳ ಇಲ್ಲ, ಅವರೂ ಸಂಘದವರೇ. ಒಳಗಿನ ಅಡುಗೆಮನೆಯಲ್ಲಿ ಒಂದು ದೊಡ್ಡ ಪಾತ್ರೆಯಲ್ಲಿ ರಾಜ್ಮಾ, ಟೊಮೆಟೊ ಹಾಕಿದ ಸಾರಿನಂಥದ್ದು ಕುದಿಯುತ್ತಿರುತ್ತದೆ, ಜೊತೆಗೆ ಅನ್ನ. ಬ್ಯಾಂಡಿನವರು ಮೊದಲು ಅದನ್ನ ತಿನ್ನುತ್ತಾರೆ. ಉಪ್ಪು ಖಾರ ಎರಡೂ ಕಡಿಮೆ, ನಾನು ಮಾತ್ರ ಬ್ಯಾಗಲ್ಲಿ ಸಣ್ಣ ಚಟ್ನಿಪುಡಿ ಡಬ್ಬಿ ಇಟ್ಟುಕೊಂಡೇ ಹೋಗೋದು.

ಮೂರು ಬ್ಯಾಂಡ್ ಇದ್ದರೂ ಡ್ರಮ್ ಸೆಟ್ ಒಂದೇ. ಯಾರೋ ಒಬ್ಬರು ದೊಡ್ಡ ಡ್ರಮ್ಮುಗಳನ್ನ ತರುತ್ತಾರೆ. ಉಳಿದ ಡ್ರಮ್ಮರುಗಳು ತಮ್ಮ ಸ್ನೇರ್ ಅನ್ನೋ ಸಣ್ಣ ಡ್ರಮ್ಮು, ಸಿಂಬಲ್ ಅನ್ನೋ ತಾಳದ ತಟ್ಟೆ, ಕಾಲಲ್ಲಿ ಒತ್ತೋ ಪೆಡಲ್ ಮಾತ್ರ ಹಿಡಿದುಕೊಂಡು ಟ್ರೈನಲ್ಲೇ ಬಂದುಬಿಡಬಹುದು. ಒಂದು ಬ್ಯಾಂಡ್ ಮುಗಿಸಿದ ಮೇಲೆ ಸಿಂಬಲ್ ಬಿಚ್ಚಿ ಇನ್ನೊಬ್ಬರದ್ದು ಸಿಕ್ಕಿಸೋಕೆ ಕಾಲು ಗಂಟೆಯೂ ಬೇಡ. ಹಾಡು ಮುಗಿಸಿದ ಹುಡುಗಿ ಬೆವರು ಒರೆಸಿಕೊಂಡು ನೇರ ಹಿಂದಿನ ಟೇಬಲ್ಲಿಗೆ ಬಂದು ತನ್ನದೇ ಕ್ಯಾಸೆಟ್, ಟೀ ಶರ್ಟ್ ಮಾರುತ್ತಾಳೆ. ಹೌದು, ಕ್ಯಾಸೆಟ್. ರೆಕಾರ್ಡ್ ಅಚ್ಚು ಹಾಕಿಸೋಕೆ ನೂರಾರು ಪ್ರತಿಗೆ ಮುಂಗಡ ದುಡ್ಡು ಬೇಕು, ಕಾರ್ಖಾನೆಯ ಸರದಿ ಕಾಯಬೇಕು. ಕ್ಯಾಸೆಟ್ ಆದರೆ ಮನೆಯಲ್ಲೇ ಐವತ್ತು ಕಾಪಿ ಮಾಡಿ, ಕವರ್ ಜೆರಾಕ್ಸ್ ಮಾಡಿಸಿ, ಕತ್ತರಿಸಿ ಮಡಚಿದರೆ ಆಯಿತು. ರಾತ್ರಿ ಬಾಗಿಲ ಡಬ್ಬಿಯಲ್ಲಿ ಬಂದದ್ದರಲ್ಲಿ ಖರ್ಚು ಕಳೆದು ಉಳಿದದ್ದು ಬ್ಯಾಂಡುಗಳಿಗೆ. ಡೀಸೆಲ್ ಖರ್ಚಿಗೆ ಆಗಿ ಒಂದಿಷ್ಟು ಮಿಕ್ಕರೆ ಒಳ್ಳೇ ರಾತ್ರಿ. ಮಲಗೋದು ಸಂಘಟಕರ ಮನೆಯ ಸೋಫಾ ಮೇಲೆ, ಇಲ್ಲವೇ ಆ ಕಟ್ಟಡದಲ್ಲೇ ಮಹಡಿ ಮೇಲಿನ ಹಾಸಿಗೆಗಳಲ್ಲಿ. ಹೋಟೆಲ್ ಖರ್ಚು ಸೊನ್ನೆ.

ಪ್ರಾಕ್ಟೀಸ್ ಎಲ್ಲಿ ಮಾಡ್ತಾರೆ ಅಂತ ಹೇಳಿದರೆ ನಮ್ಮವರು ನಂಬಲ್ಲ. ಎರಡನೇ ಮಹಾಯುದ್ಧದಲ್ಲಿ ಬಾಂಬ್ ದಾಳಿಯಿಂದ ತಪ್ಪಿಸಿಕೊಳ್ಳೋಕೆ ಕಟ್ಟಿದ ಬಂಕರುಗಳು ಇಲ್ಲಿನ ನಗರಗಳಲ್ಲಿ ಇನ್ನೂ ನಿಂತಿವೆ. ಕಿಟಕಿ ಇಲ್ಲ, ಗೋಡೆ ಮೀಟರುಗಟ್ಟಲೆ ದಪ್ಪ, ಕೆಡವೋಕೆ ಖರ್ಚು ಜಾಸ್ತಿ. ವಾಸಕ್ಕೆ ಆಗಲ್ಲ, ಡ್ರಮ್ಸಿಗೆ ಹೇಳಿ ಮಾಡಿಸಿದ ಹಾಗಿವೆ. ಎಷ್ಟೋ ಕಡೆ ಒಳಗಿನ ಕೋಣೆಗಳನ್ನ ಬ್ಯಾಂಡುಗಳಿಗೆ ತಿಂಗಳ ಬಾಡಿಗೆಗೆ ಕೊಡುತ್ತಾರೆ. ಒಂದು ಕೋಣೆಯನ್ನ ಎರಡು ಮೂರು ಬ್ಯಾಂಡ್ ಹಂಚಿಕೊಳ್ಳುತ್ತವೆ, ವಾರದ ದಿನ ಪಾಲು ಮಾಡಿಕೊಂಡು. ಒಳಗೆ ತಣ್ಣಗೆ, ಬೂಸಲು ವಾಸನೆ, ಗೋಡೆಗೆ ಹಳೇ ಕಾರ್ಪೆಟ್ ಬಡಿದಿರುತ್ತಾರೆ.

ಇನ್ನು ಸರ್ಕಾರದ ಪಾಲು. ಇಲ್ಲಿನ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಜರ್ಮನ್ ವಿದ್ಯಾರ್ಥಿಗಳಿಗೆ ಹೆಚ್ಚುಕಡಿಮೆ ಫೀಸೇ ಇಲ್ಲ. ಮಕ್ಕಳು ಓದುತ್ತಿದ್ದರೆ 25 ವರ್ಷದವರೆಗೂ ಮಕ್ಕಳ ಭತ್ಯೆ ಬರುತ್ತದೆ, 2025ರಲ್ಲಿ ತಿಂಗಳಿಗೆ 255 ಯೂರೋ. ಜೊತೆಗೆ ಮಿನಿಜಾಬ್ ಅಂತ ಒಂದು ಪದ್ಧತಿ: ಅದೇ ವರ್ಷದ ಲೆಕ್ಕದಲ್ಲಿ ತಿಂಗಳಿಗೆ 556 ಯೂರೋವರೆಗಿನ ಸಣ್ಣ ಕೆಲಸ, ಕಡಿತಗಳ ತಲೆನೋವು ಕಡಿಮೆ. ಕೆಫೆ, ಬೇಕರಿ, ಸೈಕಲ್ ಅಂಗಡಿ ಇಂಥ ಕಡೆ. ಇಪ್ಪತ್ತೆರಡರ ಹುಡುಗನ ತಲೆ ಮೇಲೆ ಎಜುಕೇಶನ್ ಲೋನ್ ಕೂತಿಲ್ಲ ಅನ್ನೋದೇ ದೊಡ್ಡ ವಿಷಯ. ಸಂಗೀತವನ್ನೇ ವೃತ್ತಿ ಮಾಡಿಕೊಂಡವರಿಗೆ 1983ರಿಂದ ಕಲಾವಿದರ ಸಾಮಾಜಿಕ ವಿಮೆ ಅಂತ ಇದೆ. ಆರೋಗ್ಯ ವಿಮೆ, ಪಿಂಚಣಿ ಕಂತಿನಲ್ಲಿ ಅರ್ಧ ಮಾತ್ರ ಕಲಾವಿದ ಕಟ್ಟಬೇಕು. ಉಳಿದರ್ಧದಲ್ಲಿ ಒಂದು ಪಾಲು ಕೇಂದ್ರ ಸರ್ಕಾರದ್ದು, ಇನ್ನೊಂದು ಪಾಲು ಕಲಾವಿದರಿಂದ ಕೆಲಸ ಮಾಡಿಸಿಕೊಳ್ಳುವ ಸಂಸ್ಥೆಗಳದ್ದು. ವರ್ಷಕ್ಕೆ ಕನಿಷ್ಠ 3,900 ಯೂರೋ ಕಲೆಯಿಂದ ಸಂಪಾದಿಸಬೇಕು ಅನ್ನೋ ನಿಯಮ ಇದೆ, ಹೊಸಬರಿಗೆ ಮೊದಲ ಮೂರು ವರ್ಷ ಅದರಲ್ಲೂ ವಿನಾಯಿತಿ.

"ಡಿಐವೈ ಅಂತೀರಿ, ಎಲ್ಲ ತಾವೇ ಮಾಡಿಕೊಳ್ತೀವಿ ಅಂತೀರಿ, ಮತ್ತೆ ಸರ್ಕಾರದ ದುಡ್ಡು ಯಾಕೆ" ಅಂತ ನನ್ನ ಗೆಳೆಯನೊಬ್ಬ ಕೆಣಕುತ್ತಾನೆ. ಅವನ ಮಾತಲ್ಲಿ ಹುರುಳಿದೆ. ಆದರೆ ಸರ್ಕಾರ ಯಾರಿಗೂ ಹಾಡು ಬರೆದುಕೊಟ್ಟಿಲ್ಲ. ಒಂದು ಸೂರು ಕೊಟ್ಟಿದೆ, ಕಾಯಿಲೆ ಬಿದ್ದರೆ ಆಸ್ಪತ್ರೆ ಇದೆ ಅನ್ನೋ ಧೈರ್ಯ ಕೊಟ್ಟಿದೆ. ಬೆಂಗಳೂರಲ್ಲಿ ಇದೇ ವಯಸ್ಸಿನ ಹುಡುಗರು ಪ್ರಾಕ್ಟೀಸಿಗೆ ಗಂಟೆ ಲೆಕ್ಕದಲ್ಲಿ ಬಾಡಿಗೆ ಕಟ್ಟುತ್ತಾರೆ. ನುಡಿಸೋಕೆ ಸಿಗೋದು ಹೆಚ್ಚಾಗಿ ಪಬ್ಬುಗಳು, ಅಲ್ಲಿ ಎಷ್ಟು ಬಿಯರ್ ಖರ್ಚಾಯಿತು ಅನ್ನೋದೇ ಮುಖ್ಯ. ಹದಿನೇಳರ ಹುಡುಗಿಗೆ ಒಳಗೆ ಹೋಗೋಕೇ ಆಗಲ್ಲ, ಇನ್ನು ನುಡಿಸೋದೆಲ್ಲಿ? ಪ್ರತಿಭೆ ಅಲ್ಲಿ ಒಂದು ಗುಲಗಂಜಿಯೂ ಕಡಿಮೆ ಇಲ್ಲ.

ಇಲ್ಲೂ ಸಂಗೀತದಿಂದಲೇ ಬದುಕುವವರು ಕೆಲವರಿದ್ದಾರೆ, ಆದರೆ ದಾರಿ ಸ್ವಲ್ಪ ಬಳಸು. ಡೀ ನೆರ್ಫನ್‌ನ ರೀಗರ್ ಈಗ ಬೇರೆಯವರ ಆಲ್ಬಂಗಳಿಗೆ ಪ್ರೊಡ್ಯೂಸರ್. ಕಾಸ್ಪರ್ ಅನ್ನೋ ಜನಪ್ರಿಯ ರ‍್ಯಾಪರ್ 2022ರಲ್ಲಿ ತಂದ ಆಲ್ಬಂನಲ್ಲೂ ಅವರ ಕೈ ಇದೆ. ಆ ವರ್ಷವೇ ಅವರ ಸ್ವಂತ ಬ್ಯಾಂಡಿನ ಆಲ್ಬಮ್ಮೂ ಬಂತು, ಕಪ್ಪು ಕವರ್ ಮೇಲೆ ಒಂದು ಜರ್ಮನ್ ಶೆಫರ್ಡ್ ನಾಯಿ. ಬೇರೆಯವರು ಸೌಂಡ್ ಎಂಜಿನಿಯರ್ ಆಗುತ್ತಾರೆ, ಪೋಸ್ಟರ್ ಡಿಸೈನ್ ಮಾಡುತ್ತಾರೆ, ಅದೇ ಯೂತ್ ಸೆಂಟರಿನಲ್ಲಿ ನೌಕರಿಗೆ ಸೇರುತ್ತಾರೆ. ಹೆಚ್ಚಿನವರು ಮೂವತ್ತರ ಹೊತ್ತಿಗೆ ಸುಮ್ನೆ ನಿಲ್ಲಿಸಿಬಿಡುತ್ತಾರೆ. ಅದರಲ್ಲಿ ದುರಂತವೇನೂ ಇಲ್ಲ. ನಾಲ್ಕು ಒಳ್ಳೇ ಹಾಡು, ಒಂದು ಕ್ಯಾಸೆಟ್, ಒಂದಿಷ್ಟು ಗೆಳೆಯರು ಉಳಿಯುತ್ತಾರೆ.

ನನಗೆ ಚಿಂತೆ ಇರೋದು ಜಾಗದ್ದು. ಬರ್ಲಿನ್‌ನಲ್ಲಿ ಪೋಟ್ಸೆ ಅಂತ ಯುವಕರೇ ನಡೆಸುತ್ತಿದ್ದ ಕೇಂದ್ರ ದಶಕಗಳಿಂದ ಇತ್ತು. ಅದರ ಬಾಡಿಗೆ ಕರಾರು ಮುಗಿದ ಮೇಲೂ ಹುಡುಗರು ಬಿಡದೆ ಕೂತಿದ್ದರು, ಕೊನೆಗೆ 2021ರಲ್ಲಿ ಖಾಲಿ ಮಾಡಬೇಕಾಯಿತು. 2025ರ ಬಜೆಟ್ಟಿನಲ್ಲಿ ಬರ್ಲಿನ್ ಸರ್ಕಾರ ಸಂಸ್ಕೃತಿಯ ಪಾಲಿನಿಂದ ಸುಮಾರು 130 ಮಿಲಿಯನ್ ಯೂರೋ ಕಡಿತ ಮಾಡಿತು. ದೊಡ್ಡ ಒಪೆರಾಗಳು ಹೇಗೋ ತಡೆದುಕೊಳ್ಳುತ್ತವೆ. ನೆಲಮಾಳಿಗೆಯ ಸಂಘಗಳಿಗೆ ಕರೆಂಟ್ ಬಿಲ್ ಏರಿದರೂ ಕಷ್ಟ.

ಈ ಕಡೆ ಬಂದವರು ಒಂದು ಸಲ ನನ್ನ ಜೊತೆ ಬನ್ನಿ. ನಗದು ತನ್ನಿ, ತಗಡಿನ ಡಬ್ಬಿಗೆ ಕಾರ್ಡ್ ಉಜ್ಜೋಕೆ ಆಗಲ್ಲ. ಕಿವಿಗೆ ಇಯರ್‌ಪ್ಲಗ್ ಹಾಕಿಕೊಳ್ಳಿ, ಎಂಟಕ್ಕೆ ಅಂತ ಪೋಸ್ಟರಲ್ಲಿ ಇದ್ದರೆ ಒಂಬತ್ತಕ್ಕೆ ಬಂದರೂ ನಡೆಯುತ್ತದೆ. ಚಟ್ನಿಪುಡಿ ನನ್ನ ಹತ್ತಿರ ಇರುತ್ತದೆ.