ಗೋವಾ ಬೀದಿಯ ಕೆತ್ತನೆ ಚಿತ್ರ: ನಕಲು ಎಲ್ಲಿಗೆ ಬಂತು

ಗೋವಾದ ಹರಾಜು ಬೀದಿಯನ್ನು ತೋರಿಸುವ ಹಳೆಯ ಕೆತ್ತನೆ ಚಿತ್ರದ ನಕಲು ಮುಗಿಯುತ್ತಾ ಬಂತು. ಸ್ಕ್ಯಾನನ್ನು ದೊಡ್ಡದಾಗಿ ಪ್ರಿಂಟ್ ಹಾಕಿಸಿ, ಒಂದೊಂದೇ ಗುಂಪನ್ನು ಶಾಯಿಯಲ್ಲಿ ಬಿಡಿಸುತ್ತಿದ್ದೇನೆ.

ಮೂಲ ಚಿತ್ರ 1596ರಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಅಚ್ಚಾದ ‘ಇಟಿನೆರಾರಿಯೊ’ ಎಂಬ ಪ್ರವಾಸ ಪುಸ್ತಕದ್ದು. ಪುಸ್ತಕ ಬರೆದವನು ಯಾನ್ ಹುಯ್ಗೆನ್ ವಾನ್ ಲಿನ್ಸ್‌ಖೋಟೆನ್ ಎಂಬ ಡಚ್ಚ. 1583ರಲ್ಲಿ ಗೋವಾಕ್ಕೆ ಬಂದು ಅಲ್ಲಿನ ಆರ್ಚ್‌ಬಿಷಪ್ಪರ ಕಾರ್ಯದರ್ಶಿಯಾಗಿದ್ದ. ಅವನು ಕಣ್ಣಾರೆ ಕಂಡಿದ್ದ. ತಾಮ್ರದ ತಗಡಿನ ಮೇಲೆ ಕೊರೆದ ವಾನ್ ಡೂಟೆಕುಮ್ ಮನೆತನದವರು ಗೋವಾ ನೋಡಿದವರಲ್ಲ.

ಕೈಯಾರೆ ಬಿಡಿಸುವಾಗ ಈ ವ್ಯತ್ಯಾಸ ಚೆನ್ನಾಗಿ ಗೊತ್ತಾಗುತ್ತದೆ. ಹೊರೆಯಾಳಿನ ತೋಳು, ತೊಡೆ ಎಲ್ಲಾ ರೋಮನ್ ಶಿಲ್ಪದ ಮೈಕಟ್ಟು. ಪಲ್ಲಕ್ಕಿಯ ಬಾಗಿದ ಬಿದಿರು, ಸಾಹುಕಾರನ ತಲೆಯ ಮೇಲೆ ಹಿಡಿದ ಸತ್ತಿಗೆ ಮಾತ್ರ ನೋಡಿದವನ ನೆನಪಿನಿಂದ ಬಂದಂತಿವೆ. ಹಾಗಾಗಿ ಮೈಗಳಿಗಿಂತ ವಸ್ತುಗಳಿಗೇ ಜಾಸ್ತಿ ಹೊತ್ತು ಕೊಡುತ್ತಿದ್ದೇನೆ. ನನ್ನ ಮಟ್ಟಿಗೆ ಈ ಚಿತ್ರಗಳಲ್ಲಿ ನಂಬಬಹುದಾದದ್ದು ಅವೇ.

ಭಾನುವಾರ, ಹಬ್ಬ ಬಿಟ್ಟು ದಿನಾ ಬೆಳಿಗ್ಗೆ 7ರಿಂದ 9ರವರೆಗೆ ಹರಾಜು ನಡೆಯುತ್ತಿತ್ತು ಎಂದು ಅವನೇ ಬರೆದಿದ್ದಾನೆ. ಅರಬ್ ಕುದುರೆ, ಮಸಾಲೆ, ರತ್ನಗಂಬಳಿ. ಜೊತೆಗೆ ಮನುಷ್ಯರು. ಗುಲಾಮರ ಗುಂಪಿಗೆ ಬಂದಾಗ ಕೈ ತಾನಾಗಿಯೇ ನಿಧಾನವಾಯಿತು. ಮಾರುವವರಿಗೂ ಮಾರಾಟವಾಗುವವರಿಗೂ ಒಂದೇ ನಯವಾದ ನಿಲುವು. ಆ ನಯವನ್ನು ಹಾಗೇ ನಕಲು ಮಾಡಲು ಮನಸ್ಸು ಒಪ್ಪುತ್ತಿಲ್ಲ, ಆದರೆ ತಿದ್ದಿದರೆ ಅದು ನಕಲಲ್ಲ ಅಲ್ವಾ? ಇದ್ದಂತೆಯೇ ಬಿಡಿಸಿ, ಪಕ್ಕದ ಹಾಳೆಯಲ್ಲಿ ಟಿಪ್ಪಣಿ ಬರೆದೆ.

ಗೆರೆಯ ವಿಷಯ. ಕೆತ್ತುವ ಉಳಿ ಒತ್ತಿದಲ್ಲಿ ಗೆರೆ ದಪ್ಪ, ಎತ್ತುವಾಗ ಮೊನಚು. ಜೆಲ್ ಪೆನ್ನಿನಲ್ಲಿ ಇದು ಬರುವುದಿಲ್ಲ. ಶಾಯಿಗೆ ಅದ್ದಿ ಬರೆಯುವ ನಿಬ್ಬಿನಲ್ಲಿ ಬರುತ್ತದೆ.

ಕೆತ್ತನೆ, ಪುಸ್ತಕ ಪ್ರಕಾಶನ ಮಾಡುತ್ತಿದ್ದ ಡಿ ಬ್ರೈ ಕುಟುಂಬ ಕೆಲವೇ ವರ್ಷಗಳಲ್ಲಿ ಇವೇ ಚಿತ್ರಗಳನ್ನು ಮತ್ತೆ ಕೊರೆಸಿ ಫ್ರಾಂಕ್‌ಫರ್ಟಿನಿಂದ ಹೊರತಂದಿತು. ಅಚ್ಚನ್ನು ನೋಡಿ ಹಾಗೇ ತಗಡಿಗೆ ಇಳಿಸಿದರೆ ಹೊಸ ಅಚ್ಚಿನಲ್ಲಿ ಎಡಬಲ ಅದಲುಬದಲಾಗುತ್ತದೆ. ಅದಕ್ಕೇ ಎರಡನ್ನೂ ಪಕ್ಕ ಇಟ್ಟಾಗ ಮೊದಲು ನೋಡುವುದು ಸೊಂಟದ ಕತ್ತಿ ಯಾವ ಕಡೆ ಇದೆ ಅಂತ.

ಪುಸ್ತಕದ 36 ಕೆತ್ತನೆಗಳಲ್ಲಿ ಮುಂದೆ ಕೈಗೆತ್ತಿಕೊಳ್ಳುವುದು ಬಾಲಘಾಟಿನ ಸೈನಿಕರದ್ದು. ಘಟ್ಟದ ಮೇಲಿನ ಆ ಸೀಮೆ ಆಗ ಬಿಜಾಪುರದ ಆದಿಲ್‌ಶಾಹಿಗಳದ್ದು. ಎರಡನೇ ಇಬ್ರಾಹಿಂನ ಆಸ್ಥಾನದ ವರ್ಣಚಿತ್ರಗಳು ಅದೇ ಕಾಲದವು. ಅವುಗಳ ಉಡುಪು, ಸೊಂಟಪಟ್ಟಿಗಳನ್ನು ಮೊದಲು ಬಿಡಿಸಿಕೊಂಡು, ಆಮೇಲೆ ಸೈನಿಕನಿಗೆ ಬರುತ್ತೇನೆ.