ಆಲ್ದೋ ಬಂದ ಮೇಲೆ ಬಟ್ ಯಾಕೆ?

ಗಂಗಾವತಿಯಲ್ಲಿ ಸಂಜೆ ಹೊತ್ತು ಹತ್ತನೇ ಕ್ಲಾಸಿನ ಮಕ್ಕಳಿಗೆ ಇಂಗ್ಲಿಷ್ ಟ್ಯೂಷನ್ ಹೇಳುತ್ತೇನೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಗೇಟು ಕೊಚ್ಚಿಕೊಂಡು ಹೋಯಿತಲ್ಲ, ಆಗ ಅದರ ಬಗ್ಗೆಯೇ ಹತ್ತು ಸಾಲು ಬರೆಯಿರಿ ಅಂದಿದ್ದೆ. ಊರಲ್ಲೆಲ್ಲ ಅದೇ ಮಾತು, ಭತ್ತ ನಾಟಿ ಮಾಡಿದ ಮನೆಗಳಲ್ಲಿ ನೀರಿನದೇ ಚಿಂತೆ. ಹಾಗಾಗಿ ಯಾರೂ ಏನು ಬರೆಯಲಿ ಅಂತ ಕೂರಲಿಲ್ಲ. ಚೆನ್ನಾಗಿಯೇ ಬರೆದರು. ಆದರೆ ಹೆಚ್ಚು ಕಡಿಮೆ ಎಲ್ಲರ ಹಾಳೆಯಲ್ಲೂ ಇಂಥ ಸಾಲುಗಳಿದ್ದವು: ‘ಬಿಕಾಸ್ ದ ಗೇಟ್ ಬ್ರೋಕ್, ಸೋ ದ ವಾಟರ್ ವೆಂಟ್ ಅವೇ.’ ಒಬ್ಬ ಹುಡುಗ ಬರೆದಿದ್ದ: ‘ಆಲ್ದೋ ದ ಗೇಟ್ ಬ್ರೋಕ್, ಬಟ್ ಮೈ ಫಾದರ್ ಈಸ್ ಹೋಪಿಂಗ್.’

ಎರಡು ಮಾತನ್ನು ಕೂಡಿಸೋಕೆ ಇಂಗ್ಲಿಷಿನಲ್ಲಿ ಒಂದು ಕೊಂಡಿ ಸಾಕು. ಬಿಕಾಸ್ ಇದ್ದರೆ ಸೋ ಬೇಡ, ಸೋ ಇದ್ದರೆ ಬಿಕಾಸ್ ಬೇಡ. ಆಲ್ದೋ, ಬಟ್ ಕೂಡ ಹಾಗೆಯೇ. ಇದನ್ನು ರೂಲ್ ಅಂತ ಬಾಯಿಪಾಠ ಮಾಡಿಸಿದರೆ ಟೆಸ್ಟಿನಲ್ಲಿ ಸರಿ ಬರೆಯುತ್ತಾರೆ, ಮರುದಿನ ಪತ್ರ ಬರೆಯುವಾಗ ಮತ್ತೆ ಎರಡೂ ಹಾಕುತ್ತಾರೆ. ಯಾಕೆ ಹೀಗೆ ಅಂತ ನಾನು ಬಹಳ ದಿನ ಯೋಚಿಸಿದೆ. ಮಕ್ಕಳ ಅಜಾಗ್ರತೆ ಅಲ್ಲ ಇದು. ನಾವು ಹೇಳಿಕೊಡುವ ಅರ್ಥದಲ್ಲೇ ತಪ್ಪಿದೆ.

ಆಲ್ದೋ ಅಂದರೆ ‘ಆದರೂ’ ಅಂತ ನಾವು ಬರೆಸುತ್ತೇವೆ, ಅಲ್ವಾ? ಈಗ ಕನ್ನಡದಲ್ಲಿ ‘ಆದರೂ’ ಎಲ್ಲಿ ಬರುತ್ತದೆ ನೋಡಿ. ‘ಗೇಟು ಮುರಿದಿದೆ, ಆದರೂ ಅಪ್ಪನಿಗೆ ಆಸೆ ಇದೆ.’ ಅದು ಕೂರೋದು ಎರಡನೇ ಮಾತಿನ ತಲೆಯ ಮೇಲೆ. ಆಲ್ದೋ ಹಿಡಿದುಕೊಳ್ಳೋದು ಗೇಟು ಮುರಿದ ಮಾತನ್ನು. ಹುಡುಗ ಪುಸ್ತಕದಲ್ಲಿ ಕಂಡ ಹಾಗೆ ಆಲ್ದೋವನ್ನು ಮುಂದೆ ಇಟ್ಟ. ಅವನ ಕನ್ನಡದ ಕಿವಿಗೆ ನಡುವೆ ಏನೋ ಖಾಲಿ ಅನಿಸಿತು. ಅಲ್ಲಿಗೆ ಬಟ್ ತಂದು ಹಾಕಿದ. ಅವನ ಲೆಕ್ಕ ಸರಿಯಾಗಿಯೇ ಇದೆ, ನಾವು ಕೊಟ್ಟ ಅರ್ಥ ಸರಿ ಇಲ್ಲ. ಆಲ್ದೋಗೆ ನಿಜವಾದ ಜೋಡಿ ‘ಮುರಿದರೂ’ ಅನ್ನೋದರ ಕೊನೆಯಲ್ಲಿರುವ ಆ ‘ರೂ’. ‘ಗೇಟು ಮುರಿದರೂ ಅಪ್ಪನಿಗೆ ಆಸೆ ಇದೆ’ ಅನ್ನುವಾಗ ನಡುವೆ ‘ಆದರೆ’ ಅಂತ ಯಾರಾದರೂ ಸೇರಿಸುತ್ತಾರಾ? ಇಲ್ಲ. ಈಗ ಬೋರ್ಡಿನ ಮೇಲೆ ‘ಮುರಿದರೂ’ ಅಂತ ಬರೆದು ಆ ‘ರೂ’ಗೆ ಸುತ್ತು ಹಾಕಿ, ಅಲ್ಲಿಂದ ಒಂದು ಬಾಣ ಎಳೆದು ಇಂಗ್ಲಿಷ್ ಸಾಲಿನ ಮೊದಲಿಗೆ ತರುತ್ತೇನೆ. ನಮ್ಮ ಭಾಷೆ ಕೊಂಡಿಯನ್ನು ಕ್ರಿಯಾಪದದ ಬಾಲಕ್ಕೆ ಕಟ್ಟುತ್ತದೆ, ಇಂಗ್ಲಿಷ್ ಅದನ್ನೇ ಬಿಡಿ ಪದ ಮಾಡಿ ಮುಂದೆ ನಿಲ್ಲಿಸುತ್ತದೆ.

ಇದೇ ‘ರೂ’ ಇನ್ನೊಂದು ಕಡೆಯೂ ತೊಡಕು ಮಾಡುತ್ತದೆ. ‘ಮಳಿ ಬಂದ್ರೂ ಹೊಲಕ್ಕ ಹೋದೆ’ ಅಂತೀವಿ, ‘ಮಳಿ ಬಂದ್ರೂ ಹೊಲಕ್ಕ ಹೋಗ್ತೀನಿ’ ಅಂತಾನೂ ಅಂತೀವಿ. ಮೊದಲನೆಯದರಲ್ಲಿ ಮಳೆ ಬಂದೇ ಬಿಟ್ಟಿದೆ, ಅದಕ್ಕೆ ಆಲ್ದೋ. ಎರಡನೆಯದರಲ್ಲಿ ಬರಬಹುದು, ಬಾರದೆಯೂ ಇರಬಹುದು, ಅದಕ್ಕೆ ಈವನ್ ಇಫ್. ಕನ್ನಡದಲ್ಲಿ ಎರಡಕ್ಕೂ ಒಂದೇ ಪದ ನಡೆಯುತ್ತದೆ, ಇಂಗ್ಲಿಷಿನಲ್ಲಿ ಆರಿಸಿಕೊಳ್ಳಬೇಕು.

ಅನ್‌ಲೆಸ್ ಇನ್ನೂ ಕಷ್ಟ. ‘ನೀರು ಬಿಡದಿದ್ದರೆ ಬೆಳೆ ಒಣಗುತ್ತದೆ’ ಅನ್ನೋದನ್ನು ಮಕ್ಕಳು ‘ಅನ್‌ಲೆಸ್ ದೇ ಡು ನಾಟ್ ರಿಲೀಸ್ ವಾಟರ್’ ಅಂತ ಶುರು ಮಾಡುತ್ತಾರೆ. ‘ಬಿಡದಿದ್ದರೆ’ ಒಳಗೆ ‘ಇಲ್ಲ’ ಅನ್ನೋದು ಸೇರಿಕೊಂಡಿದೆ, ಅದನ್ನು ತೋರಿಸೋಕೆ ನಾಟ್ ಹಾಕುತ್ತಾರೆ. ಆದರೆ ಅನ್‌ಲೆಸ್ ಹೊಟ್ಟೆಯಲ್ಲೇ ಆ ‘ಇಲ್ಲ’ ಇದೆ. ನಾಟ್ ಸೇರಿದರೆ ಅರ್ಥ ತಿರುಗುಮುರುಗಾಗಿ, ನೀರು ಬಿಟ್ಟರೆ ಬೆಳೆ ಒಣಗುತ್ತದೆ ಅಂತ ಆಗುತ್ತದೆ! ನಾಟ್ ಬೇಕೇ ಬೇಕು ಅನಿಸಿದರೆ ಇಫ್ ಜೊತೆ ಹಾಕಿ ಅಂತ ಹೇಳುತ್ತೇನೆ.

ಇಫ್ ಜೊತೆ ವಿಲ್ ಹಾಕೋದು ಕೂಡ ಜಾಸ್ತಿ. ನಾಳೆ ಮಳೆ ಬಂದರೆ ಅನ್ನೋದು ‘ಇಫ್ ಇಟ್ ರೇನ್ಸ್ ಟುಮಾರೋ’, ಅಷ್ಟೇ. ನಾಳೆಯ ಮಾತಿಗೂ ನಾವು ‘ಬಂದ’ ಅನ್ನೋ ಆಗಿಹೋದ ರೂಪದಿಂದಲೇ ‘ಬಂದರೆ’ ಕಟ್ಟುತ್ತೇವೆ, ‘ಬರುತ್ತದರೆ’ ಅನ್ನೋದಿಲ್ಲ. ಅದನ್ನು ನೆನಪಿಸಿದರೆ ಮಕ್ಕಳು ಬೇಗ ಒಪ್ಪುತ್ತಾರೆ.

ಇನ್ನು ರಜೆ ಚೀಟಿ. ‘ಆ್ಯಸ್ ಐ ಆ್ಯಮ್ ಸಫರಿಂಗ್ ಫ್ರಮ್ ಫೀವರ್, ಸೋ ಐ ಕೆನಾಟ್ ಕಮ್’. ನಾನು ಓದುವಾಗ ಬೋರ್ಡಿನ ಮೇಲೆ ಹೀಗೆಯೇ ಬರೆಸಿದ್ದರು, ಡಿಗ್ರಿ ಮುಗಿಯುವ ತನಕ ನಾನು ಹಾಗೆಯೇ ಬರೆದೆ, ಯಾರೂ ತಿದ್ದಲಿಲ್ಲ. ಅದಕ್ಕೇ ಈಗ ಈ ಒಂದು ಸೋ ಕಂಡರೂ ಬಿಡೋದಿಲ್ಲ. ವಾಕ್ಯವನ್ನು ಬಿಕಾಸ್‌ನಿಂದ ಶುರು ಮಾಡಲೇಬಾರದು ಅಂತಲೂ ಕೆಲವರು ಹೇಳಿಕೊಡುತ್ತಾರೆ. ಸುಮ್ನೆ ಹೆದರಿಸೋದು ಅದು. ಅದರ ಹಿಂದೆಯೇ ಪೂರ್ತಿ ಮಾತು ಬಂದರೆ ಧಾರಾಳವಾಗಿ ಮಾಡಬಹುದು. ‘ಬಿಕಾಸ್ ಐ ವಾಸ್ ಸಿಕ್’ ಅಂತ ಬರೆದು ಅಲ್ಲೇ ಫುಲ್‌ಸ್ಟಾಪ್ ಇಟ್ಟರೆ ಮಾತ್ರ ವಾಕ್ಯ ಅರ್ಧಕ್ಕೆ ನಿಲ್ಲುತ್ತದೆ.

ಆ ಹುಡುಗನಿಗೆ, ಎರಡರಲ್ಲಿ ಒಂದನ್ನು ತೆಗಿ, ಯಾವುದು ಅಂತ ನೀನೇ ನೋಡು ಅಂದೆ. ಬಟ್ ಅಳಿಸುತ್ತಾನೆ ಅಂದುಕೊಂಡಿದ್ದೆ, ಅವನು ಆಲ್ದೋ ಅಳಿಸಿದ. ‘ದ ಗೇಟ್ ಬ್ರೋಕ್, ಬಟ್ ಮೈ ಫಾದರ್ ಈಸ್ ಹೋಪಿಂಗ್.’ ಅದೂ ಸರಿಯೇ. ಅಷ್ಟರಲ್ಲಿ ಡ್ಯಾಮಿನಲ್ಲಿ ಆ ಗೇಟಿನ ಜಾಗಕ್ಕೆ ಸ್ಟಾಪ್ ಲಾಗ್, ಅಂದರೆ ನೀರು ತಡೆಯುವ ತಾತ್ಕಾಲಿಕ ಉಕ್ಕಿನ ಗೇಟು, ಇಳಿಸಿದ್ದರು. ಹಾಳೆ ವಾಪಸ್ ಕೊಡುವಾಗ ಕೆಳಗೆ ಇನ್ನೊಂದು ಸಾಲು ಸೇರಿಸಿದ್ದ: ‘ದೇ ಪುಟ್ ಎ ಸ್ಟಾಪ್ ಲಾಗ್, ಸೋ ದ ವಾಟರ್ ವಿಲ್ ಸ್ಟೇ.’